ಸೇವಕರು ಬಿದ್ದಾಗ ವರಗಳನ್ನು ಏನು ಮಾಡೋಣ?

ಯೌವನಸ್ಥರ ವಾಕ್ಯ ಅಧ್ಯಯನ
ಓದುವ ಭಾಗ: 1 ಸಮುವೇಲ 1ರಿಂದ 3ನೇ ಅಧ್ಯಾಯ, 1 ಥೆಸಲೋನಿಕ 5:19-22

 

ಇವತ್ತಿನ ವಿಷಯ ಸ್ವಲ್ಪ ಭಾರವಾದದ್ದು. ಪುಲ್ಪಿಟ್‌ನಿಂದ ಇದನ್ನು ಮಾತಾಡೋದಕ್ಕಿಂತ ಮಾತಾಡದೇ ಇರೋದು ಸುಲಭ. ಆದರೆ ನೀವು ಮೊಬೈಲಲ್ಲಿ ನೋಡ್ತಾ ಇದ್ದೀರಿ, ಹಾಸ್ಟೆಲ್‌ನಲ್ಲಿ, ಆಫೀಸಲ್ಲಿ ಸ್ನೇಹಿತರು ನಿಮ್ಮನ್ನ ಕೇಳ್ತಾ ಇದ್ದಾರೆ. ಸಭೆ ಸುಮ್ಮನಿದ್ದರೆ ಉತ್ತರ ಕೊಡೋರು ಬೇರೆ ಯಾರೋ ಆಗ್ತಾರೆ. ಅದಕ್ಕೇ ವಾಕ್ಯ ತೆರೆದು ನೋಡೋಣ.

ಎರಡು ಸಂಗತಿ ನಿಮಗೆಲ್ಲ ಗೊತ್ತಿರುವಂಥವೇ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1999ರಿಂದ ಹಗಲು ರಾತ್ರಿ ಬಿಡದೆ ಪ್ರಾರ್ಥನೆ ನಡೆಸಿದ ಇಂಟರ್‌ನ್ಯಾಷನಲ್ ಹೌಸ್ ಆಫ್ ಪ್ರೇಯರ್ ಇದೆಯಲ್ಲ, ಅದರ ಆರಾಧನೆಯನ್ನು ಯೂಟ್ಯೂಬಲ್ಲಿ ಹಾಕಿಕೊಂಡು ಪ್ರಾರ್ಥನೆ ಮಾಡಿದವರು ನಮ್ಮಲ್ಲೇ ಇದ್ದೀರಿ. ಅದರ ಸ್ಥಾಪಕ ಮೈಕ್ ಬಿಕಲ್ ಅವರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪಗಳು 2023ರ ಅಕ್ಟೋಬರ್‌ನಲ್ಲಿ ಹೊರಗೆ ಬಂದವು. ಡಿಸೆಂಬರ್‌ನಲ್ಲಿ ಅವರು ಕೆಲವು ತಪ್ಪುಗಳನ್ನು ತಾವೇ ಒಪ್ಪಿಕೊಂಡರು, ಅದೇ ತಿಂಗಳು ಸಂಸ್ಥೆ ಅವರ ಜೊತೆ ಶಾಶ್ವತವಾಗಿ ಸಂಬಂಧ ಕಡಿದುಕೊಂಡಿತು. ಇನ್ನೊಂದು ನಮ್ಮ ದೇಶದ್ದೇ. ಪಂಜಾಬಿನಲ್ಲಿ ಪ್ರವಾದಿ ಅಂತ ಹೆಸರು ಮಾಡಿ, ಸ್ವಸ್ಥತೆಯ ಕೂಟಗಳಿಗೆ ಸಾವಿರಾರು ಜನರನ್ನು ಸೇರಿಸುತ್ತಿದ್ದ ಬಜಿಂದರ್ ಸಿಂಗ್‌ಗೆ, 2018ರ ಅತ್ಯಾಚಾರ ಪ್ರಕರಣದಲ್ಲಿ ಮೊಹಾಲಿಯ ಕೋರ್ಟು 2025ರ ಏಪ್ರಿಲ್ 1ರಂದು ಜೀವಾವಧಿ ಶಿಕ್ಷೆ ವಿಧಿಸಿತು.

ಇಂಥ ಸುದ್ದಿ ಬಂದಾಗ ಎರಡು ಥರದ ಮಾತು ಕೇಳಿಸುತ್ತೆ. ಒಬ್ಬರು ಅಂತಾರೆ, "ಅವರ ಕೈಯಿಂದ ಎಷ್ಟು ಜನ ಗುಣ ಆಗಿದ್ದಾರೆ! ಅಭಿಷಿಕ್ತರ ವಿರುದ್ಧ ಮಾತಾಡಬೇಡಿ." ಇನ್ನೊಬ್ಬರು ಅಂತಾರೆ, "ಅನ್ಯಭಾಷೆ, ಪ್ರವಾದನೆ, ಸ್ವಸ್ಥತೆ ಎಲ್ಲಾ ನಾಟಕ. ನನಗೆ ಇನ್ನು ಬೇಡ." ಕೇಳೋಕೆ ಒಂದಕ್ಕೊಂದು ವಿರುದ್ಧ ಅನಿಸುತ್ತೆ. ಆದರೆ ಗಮನಿಸಿ, ಇಬ್ಬರೂ ಒಂದೇ ವಿಷಯವನ್ನು ನಂಬಿದ್ದಾರೆ: ವರ ಅನ್ನೋದು ಆ ಸೇವಕನ ಸ್ವಂತ ಆಸ್ತಿ ಅಂತ. ಮೊದಲನೆಯವರು ವರವನ್ನು ಉಳಿಸೋಕೆ ಸೇವಕನನ್ನು ಕಾಪಾಡ್ತಾರೆ. ಎರಡನೆಯವರು ಸೇವಕನ ಜೊತೆ ವರವನ್ನೂ ಎಸೆದುಬಿಡ್ತಾರೆ. ವಾಕ್ಯ ಏನು ಹೇಳುತ್ತೆ?

1. ದಾನ ಯಾರದು?

ನಮ್ಮ ಮಧ್ಯದಲ್ಲಿ ಬಾಗಳಿ, ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯಿಂದ ಬೆಂಗಳೂರಿಗೆ ಓದೋಕೆ, ಕೆಲಸಕ್ಕೆ ಬಂದವರು ಇದ್ದೀರಿ. ಬಾಗಳಿಯ ಕಲ್ಲೇಶ್ವರ ಗುಡಿಯ ಹತ್ತಿರ ಹಳೆಗನ್ನಡದ ಶಾಸನಗಳಿವೆ, ಸಾವಿರ ವರ್ಷದ ಹಿಂದಿನ ಕಾಲದವು. ಶಾಲೆಯಿಂದ ಟೂರ್ ಹೋಗಿ ನೋಡಿರ್ತೀರಿ. ಅಲ್ಲಿನ ಆರಾಧನೆಯ ಬಗ್ಗೆ ನಾನು ಮಾತಾಡ್ತಾ ಇಲ್ಲ, ಕಲ್ಲಿನ ಮೇಲೆ ಬರೆಯುವ ಪದ್ಧತಿಯ ಬಗ್ಗೆ ಹೇಳ್ತಾ ಇದ್ದೀನಿ. ನಮ್ಮ ನಾಡಿನ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಏನಿರುತ್ತೆ? ಕೊಟ್ಟವರು ಯಾರು, ಎಷ್ಟು ಭೂಮಿ, ಅದು ಯಾವ ಕೆಲಸಕ್ಕೆ, ನೋಡಿಕೊಳ್ಳೋರು ಯಾರು. ಕೊನೆಗೆ, ಈ ದಾನವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಅನ್ನುವಂಥ ಶಾಪ ಇರುತ್ತೆ.

ಆ ಶಾಪ ಯಾಕೆ ಬರೆಸಿದರು ಯೋಚನೆ ಮಾಡಿ. ದಾನವನ್ನು ನುಂಗೋರು ಬರ್ತಾರೆ ಅಂತ ಕೊಟ್ಟವನಿಗೆ ಮೊದಲೇ ಗೊತ್ತಿತ್ತು. ಹಾಗಂತ ಅವನು ಕೊಡೋದನ್ನು ನಿಲ್ಲಿಸಲಿಲ್ಲ. ನೋಡಿಕೊಳ್ಳೋನು ಹೊಲವನ್ನು ತಿಂದರೆ ಊರವರು ಅವನನ್ನು ಬಿಡಿಸಬೇಕು. ಹೊಲವನ್ನು ಬೀಳು ಬಿಡ್ತಾರಾ? ಇಲ್ಲ. ಯಾಕಂದ್ರೆ ಹೊಲ ಅವನದಲ್ಲ.

ಈಗ 1 ಕೊರಿಂಥ 12ನೇ ಅಧ್ಯಾಯ ನೋಡಿ. 7ನೇ ವಚನದಲ್ಲಿ ಪೌಲನು ಆತ್ಮನ ವರ ಪ್ರತಿಯೊಬ್ಬನಿಗೆ ಸರ್ವರ ಪ್ರಯೋಜನಕ್ಕಾಗಿ ಕೊಡಲ್ಪಡುತ್ತೆ ಅಂತಾನೆ. 11ನೇ ವಚನದಲ್ಲಿ, ಆತ್ಮನು ತನ್ನ ಚಿತ್ತದ ಪ್ರಕಾರ ಹಂಚಿಕೊಡ್ತಾನೆ ಅಂತಾನೆ. ಕೊಡೋನು ಆತ್ಮನು, ಪ್ರಯೋಜನ ಸಭೆಗೆ. ಮಧ್ಯದಲ್ಲಿರೋ ಸೇವಕ ಪಾರುಪತ್ಯಗಾರ ಅಷ್ಟೇ. ಇದು ಮನಸ್ಸಿಗೆ ಇಳಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತೆ.

2. ಶೀಲೋವಿನಲ್ಲಿ ಏನಾಯ್ತು?

ಈಗ ನಮ್ಮ ಮುಖ್ಯ ಭಾಗಕ್ಕೆ ಬರೋಣ. ಏಲಿ ಮಹಾಯಾಜಕ. ಅವನ ಮಕ್ಕಳು ಹೊಫ್ನಿ, ಫೀನೆಹಾಸ ಇಬ್ಬರೂ ಯಾಜಕರು. 1 ಸಮುವೇಲ 2ನೇ ಅಧ್ಯಾಯ ಏನನ್ನೂ ಮುಚ್ಚಿಡದೆ ಹೇಳುತ್ತೆ. ಜನರು ತಂದ ಯಜ್ಞದ ಮಾಂಸವನ್ನು ದೇವರಿಗೆ ಕೊಡೋ ಮೊದಲೇ ಕೇಳ್ತಿದ್ದರು. ಕೊಡದಿದ್ದರೆ ಬಲವಂತವಾಗಿ ತಗೊಳ್ತೀವಿ ಅಂತ ಹೆದರಿಸ್ತಿದ್ದರು (16ನೇ ವಚನ). ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರ ಜೊತೆ ತಪ್ಪಾಗಿ ನಡ್ಕೊಂಡರು (22ನೇ ವಚನ). ಹಣ ಮತ್ತು ದೇಹ. ಮೂರು ಸಾವಿರ ವರ್ಷದಲ್ಲಿ ಪಾಪ ಹೊಸದೇನೂ ಕಲಿತಿಲ್ಲ, ಅಲ್ವಾ?

ಏಲಿ ಏನು ಮಾಡಿದ? ಬಯ್ದ. ಆದರೆ ಸ್ಥಾನದಿಂದ ತೆಗೆಯಲಿಲ್ಲ. ದೇವರು 3:13ರಲ್ಲಿ ಅವನ ಮೇಲೆ ಹೊರಿಸುವ ಅಪರಾಧ ಇದೇ: ಗೊತ್ತಿತ್ತು, ತಡೆಯಲಿಲ್ಲ. ತಪ್ಪು ಮಾಡಿದವರ ಜೊತೆಗೆ ಗೊತ್ತಿದ್ದೂ ತಡೆಯದ ಹಿರಿಯನಿಗೂ ದೇವರು ಲೆಕ್ಕ ಕೇಳ್ತಾನೆ. ಸಭೆಯ ಕಮಿಟಿಯಲ್ಲಿ, ಯೌವನಸ್ಥರ ಲೀಡರ್‌ಶಿಪ್‌ನಲ್ಲಿ ಇರೋರು ಈ ವಚನವನ್ನು ಗುರುತು ಹಾಕಿ ಇಟ್ಟುಕೊಳ್ಳಿ.

ಈಗ ಒಂದು ಪ್ರಶ್ನೆಗೆ ಬರ್ತೀನಿ. ಕೆಲವರ ಎದೆಯೊಳಗೆ ಮುಳ್ಳಿನ ಹಾಗೆ ಇರೋ ಪ್ರಶ್ನೆ ಇದು. "ಬ್ರದರ್, ಆ ಸೇವಕರು ಪ್ರಾರ್ಥನೆ ಮಾಡಿದಾಗಲೇ ನಾನು ರಕ್ಷಣೆ ಹೊಂದಿದ್ದು. ಅವರು ಹೇಳಿದ ಮಾತು ನನ್ನ ಜೀವನದಲ್ಲಿ ನೆರವೇರಿತು. ಈಗ ಅವರ ವಿಷಯ ಹೊರಗೆ ಬಂದಿದೆ. ಹಾಗಾದ್ರೆ ನನಗೆ ಆಗಿದ್ದು ಸುಳ್ಳಾ?"

ಹನ್ನಳನ್ನು ನೋಡಿ. ಅವಳು ಮಗುವಿಗಾಗಿ ಅಳ್ತಾ ಪ್ರಾರ್ಥಿಸ್ತಿದ್ದಾಗ ಏಲಿ ಅವಳನ್ನು ಕುಡಿದಿದ್ದಾಳೆ ಅಂದುಕೊಂಡ. ಎಂಥ ಯಾಜಕ! ಪ್ರಾರ್ಥನೆಗೂ ಮತ್ತಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವಳು ವಿವರಿಸಿದ ಮೇಲೆ, ಇಸ್ರಾಯೇಲಿನ ದೇವರು ನಿನ್ನ ಬೇಡಿಕೆಯನ್ನು ಅನುಗ್ರಹಿಸಲಿ ಅಂತ ಹರಸಿದ (1:17). ಆ ಹರಕೆ ನೆರವೇರಿತು. ಸಮುವೇಲ ಹುಟ್ಟಿದ. ಏಲಿಯ ಮನೆ ನಾಶವಾದಾಗ ಸಮುವೇಲ ಮಾಯವಾದನಾ? ಇಲ್ಲ. ಯಾಕಂದ್ರೆ ಹನ್ನಳ ಕಣ್ಣೀರನ್ನು ಕೇಳಿದ್ದು ಏಲಿ ಅಲ್ಲ, ಯೆಹೋವನು.

2 ಅರಸುಗಳು 5ರಲ್ಲಿ ಇನ್ನೊಂದು ಉದಾಹರಣೆ. ನಾಮಾನನ ಕುಷ್ಠ ವಾಸಿಯಾಯ್ತು. ಎಲೀಷ ಒಂದು ಕಾಣಿಕೆಯನ್ನೂ ಮುಟ್ಟಲಿಲ್ಲ. ಅವನ ಆಳು ಗೇಹಜಿ ಓಡಿಹೋಗಿ ಸುಳ್ಳು ಹೇಳಿ ಬೆಳ್ಳಿ, ಬಟ್ಟೆ ತಗೊಂಡ. ಕುಷ್ಠ ಯಾರಿಗೆ ಬಂತು? ಗೇಹಜಿಗೆ. ಗೇಹಜಿ ಕೆಟ್ಟ ಅಂತ ನಾಮಾನನ ಚರ್ಮ ಮತ್ತೆ ಹಾಳಾಗಲಿಲ್ಲ. ತಂಗೀ, ತಮ್ಮಾ, ದೇವರು ನಿನಗೆ ನಿಜವಾಗಿ ಕೊಟ್ಟದ್ದನ್ನು ಯಾವ ಮನುಷ್ಯನ ಪಾಪವೂ ವಾಪಸ್ ತಗೊಳ್ಳೋಕೆ ಆಗಲ್ಲ.

3. ದೇವರು ಮಾತು ನಿಲ್ಲಿಸಲಿಲ್ಲ

3ನೇ ಅಧ್ಯಾಯದ ಮೊದಲ ವಚನ ಬಹಳ ದುಃಖದ್ದು. ಆ ದಿನಗಳಲ್ಲಿ ಯೆಹೋವನ ವಾಕ್ಯ ಅಪರೂಪವಾಗಿತ್ತು. ನಾಯಕರು ಕೆಟ್ಟಾಗ ಹೀಗೇ ಆಗುತ್ತೆ, ಜನರಿಗೆ ಆರಾಧನೆಯ ಮೇಲೇ ತಾತ್ಸಾರ ಬರುತ್ತೆ. ದೇವರು ಏನು ಮಾಡಿದ? "ಇನ್ನು ಪ್ರವಾದನೆ ಸಾಕು" ಅಂದನಾ? ಅದೇ ಗುಡಾರದಲ್ಲಿ ಮಲಗಿದ್ದ ಹುಡುಗನನ್ನು ಹೆಸರು ಹಿಡಿದು ಕರೆದ.

ಸಮುವೇಲನಿಗೆ ಸಿಕ್ಕ ಮೊದಲ ಪ್ರವಾದನೆ ಯಾವುದು? ಕಾರು, ಮನೆ, ವೀಸಾ ಬಗ್ಗೆ ಅಲ್ಲ. ತನ್ನನ್ನು ಸಾಕುತ್ತಿದ್ದ ನಾಯಕನ ಮನೆಯ ಪಾಪದ ಬಗ್ಗೆ. ಹುಡುಗ ಹೆದರಿದ. ಬೆಳಗಿನ ತನಕ ಮಲಗಿದ್ದ, ಎದ್ದು ಬಾಗಿಲು ತೆರೆದ, ಹೇಳೋಕೆ ಧೈರ್ಯ ಬರಲಿಲ್ಲ. ಕೊನೆಗೆ ಏನನ್ನೂ ಮರೆಮಾಡದೆ ಹೇಳಿದ (3:18). ಪ್ರವಾದನೆಯ ವರ ಪಾಪವನ್ನು ಮುಚ್ಚೋಕೆ ಇರೋದಲ್ಲ, ಪಾಪವನ್ನು ಬೆಳಕಿಗೆ ತರೋದಕ್ಕೂ ದೇವರು ಅದನ್ನೇ ಬಳಸ್ತಾನೆ.

ನಾಯಕರು ಬಿದ್ದಾಗ ದೇವರು ಬಲವಿಲ್ಲದವರ ಹತ್ತಿರ ಹೋಗ್ತಾನೆ ಅನ್ನೋದಕ್ಕೆ ನಮ್ಮ ನಾಡಿನದೇ ಒಂದು ಸಾಕ್ಷಿ ಇದೆ. ಪಂಡಿತಾ ರಮಾಬಾಯಿ 1858ರಲ್ಲಿ ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಆಶ್ರಯ ಕೊಟ್ಟರು. 1905ರಲ್ಲಿ ಅಲ್ಲಿ ಉಜ್ಜೀವನ ಬಂತು. ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಉಜ್ಜೀವನ 1906ರದ್ದು. ಅದಕ್ಕಿಂತ ಮೊದಲೇ ಇಲ್ಲಿ ಆ ಹುಡುಗಿಯರು ಅಳುತ್ತಾ ಪಾಪ ಅರಿಕೆ ಮಾಡಿದರು, ಪ್ರಾರ್ಥಿಸಿದರು. ಹೆಸರು, ಸ್ಟೇಜು, ಬ್ಯಾನರು ಇಲ್ಲದ ಹೆಣ್ಣುಮಕ್ಕಳು. ಯಾವ ಹೆಣ್ಣುಮಕ್ಕಳನ್ನು ಲೋಕ ಬಳಸಿ ಬಿಸಾಡುತ್ತಿತ್ತೋ ಅಂಥವರ ಮೇಲೆ ಆತ್ಮನು ಇಳಿದ. ಪೆಂತೆಕೊಸ್ತಿನ ಕಥೆ ದೊಡ್ಡ ಪ್ರಸಂಗಿಗಳ ಕಥೆ ಅಂತ ಯಾರಾದರೂ ಹೇಳಿದರೆ ಅವರಿಗೆ ಕೇಡಗಾಂವ್ ನೆನಪಿಸಿ.

4. ಪರೀಕ್ಷಿಸೋದು ಅವಿಶ್ವಾಸವಾ?

ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ ನಿಮಗೆ ಗೊತ್ತಿದೆ. ಗೊರವಯ್ಯ ಬಿಲ್ಲು ಏರಿ ಒಂದು ಮಾತು ನುಡೀತಾರೆ. ಮಳೆ ಬೆಳೆ ಅಂತ ರೈತರು, ಸರ್ಕಾರ ಅಂತ ರಾಜಕೀಯದವರು, ಎಲ್ಲರೂ ತಮತಮಗೆ ಬೇಕಾದ ಹಾಗೆ ಅರ್ಥ ಮಾಡ್ಕೊಳ್ತಾರೆ. ಅದು ಅವರ ನಂಬಿಕೆ, ನಾವು ಹಾಸ್ಯ ಮಾಡೋದು ಬೇಡ. ಆದರೆ ನಮ್ಮ ಸಭೆಗಳಲ್ಲೂ ಪ್ರವಾದನೆಯನ್ನು ಇದೇ ರೀತಿ ಕೇಳೋ ಅಭ್ಯಾಸ ಬಂದುಬಿಟ್ಟಿದೆ. ಒಬ್ಬರು ನುಡೀತಾರೆ, ಎಲ್ಲರೂ ಆಮೆನ್ ಅಂತಾರೆ, ಆಮೇಲೆ ಆಗಿದ್ದಕ್ಕೆ ಹೊಂದಿಸಿಕೊಳ್ತೀವಿ. ತೂಗಿ ನೋಡೋರು ಯಾರೂ ಇಲ್ಲ.

ಪೌಲನ ಕ್ರಮ ಬೇರೆ. 1 ಕೊರಿಂಥ 14:29ರಲ್ಲಿ ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ವಿವೇಚಿಸಲಿ ಅಂತಾನೆ. 1 ಥೆಸಲೋನಿಕ 5:19-22ರಲ್ಲಿ ಆತ್ಮನನ್ನು ನಂದಿಸಬೇಡಿ, ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಹಿಡ್ಕೊಳ್ಳಿ, ಕೆಟ್ಟದ್ದರಿಂದ ದೂರ ಇರಿ ಅನ್ನೋ ಐದೂ ಅಪ್ಪಣೆ ಒಟ್ಟೊಟ್ಟಿಗೆ ಬರುತ್ತೆ. ಪರೀಕ್ಷಿಸೋದು ಆತ್ಮನನ್ನು ನಂದಿಸೋದು ಅಂತ ಹೇಳೋರು ಒಂದೇ ಉಸಿರಿನಲ್ಲಿ ಬಂದ ಮಾತನ್ನು ಎರಡು ತುಂಡು ಮಾಡ್ತಾರೆ. ಸಭೆ ತೂಗೋದನ್ನು ನಿಲ್ಲಿಸಿದ ಕಡೆಯಲ್ಲೇ ವರ ಒಬ್ಬನ ಕೈಯಲ್ಲಿ ಅಧಿಕಾರವಾಗಿ ಬದಲಾಗುತ್ತೆ. ಹಾಗಾಗಿ ದುರುಪಯೋಗಕ್ಕೆ ಮದ್ದು ವರಗಳನ್ನು ನಿಲ್ಲಿಸೋದಲ್ಲ, ತೂಗುವ ಕೆಲಸವನ್ನು ಸಭೆಗೆ ವಾಪಸ್ ತರೋದು.

ಪ್ರವಾದನೆ ಬಂದಾಗ ಈ ಐದು ಪ್ರಶ್ನೆ ಕೇಳಿ:

- ಇದು ದೇವರ ವಾಕ್ಯಕ್ಕೆ ಒಪ್ಪುತ್ತಾ?
- ಇದು ಯೇಸುವನ್ನು ಎತ್ತುತ್ತಾ, ಹೇಳಿದವನನ್ನು ಎತ್ತುತ್ತಾ?
- ಇದನ್ನು ಬೇರೆ ಹಿರಿಯರ ಮುಂದೆ, ಮನೆಯವರ ಮುಂದೆ ಹೇಳಬಹುದಾ? "ಯಾರಿಗೂ ಹೇಳಬೇಡ" ಅಂದರೆ ಅಲ್ಲೇ ನಿಲ್ಲಿ.
- ಇದರ ಬೆನ್ನಿಗೆ ಹಣ, ನನ್ನ ದೇಹ, ಇಲ್ಲವೇ ನನ್ನ ಮದುವೆಯ ತೀರ್ಮಾನದ ಮೇಲೆ ಹಕ್ಕು ಕೇಳ್ತಾ ಇದ್ದಾರಾ? ಫೋನ್‌ಪೇ ನಂಬರ್ ಜೊತೆ ಬರೋ ಪ್ರವಾದನೆಗೆ ಗೇಹಜಿ ನೆನಪಾಗಲಿ.
- ತೂಗಿ ನೋಡ್ತೀವಿ ಅಂದಾಗ ಹೇಳಿದವರು ಸಂತೋಷವಾಗಿ ಒಪ್ಪಿದರಾ, ಕೋಪ ಮಾಡಿಕೊಂಡು ಶಾಪ ಹಾಕಿದರಾ?

ಇನ್ನೂ ಒಂದು ಮಾತು. ಮಾಡಿದ್ದೆಲ್ಲಾ ವರ ಅಲ್ಲ, ನಟನೆಯೂ ಇದೆ. ಕೂಟಕ್ಕೆ ಮುಂಚೆ ಫೇಸ್‌ಬುಕ್ ನೋಡಿಕೊಂಡು ಬಂದು ಹೆಸರು, ಊರು ಹೇಳಿದರೆ ಅದು ಜ್ಞಾನವಾಕ್ಯ ಅಲ್ಲ, ಮೋಸ. ವರ ನಿಜವೇ ಆಗಿದ್ದರೂ ಅದು ಗುಣಕ್ಕೆ ಸರ್ಟಿಫಿಕೇಟ್ ಅಲ್ಲ. ಯೇಸುವನ್ನು ಕೊಲ್ಲೋಕೆ ಆಲೋಚನೆ ಹೇಳಿದ ಕಾಯಫನೇ ಆ ಮಾತಲ್ಲಿ ತಿಳಿಯದೆ ಪ್ರವಾದಿಸಿದ ಅಂತ ಯೋಹಾನ 11:51 ಹೇಳುತ್ತೆ. ಮತ್ತಾಯ 7:22-23ರಲ್ಲಿ ಪ್ರವಾದಿಸಿದವರನ್ನು, ದೆವ್ವ ಬಿಡಿಸಿದವರನ್ನು ಕರ್ತನು ತಾನು ಅರಿಯೆನು ಅಂತಾನೆ. ಮನುಷ್ಯನನ್ನು ಗುರುತಿಸೋಕೆ ಯೇಸು ಕೊಟ್ಟ ಗುರುತು ಫಲ, ಅದ್ಭುತ ಅಲ್ಲ. ಗಲಾತ್ಯ 5:22-23ನ್ನು 1 ಕೊರಿಂಥ 12ರ ಪಕ್ಕದಲ್ಲಿ ಇಟ್ಟು ಓದಿ.

5. "ಅಭಿಷಿಕ್ತರನ್ನು ಮುಟ್ಟಬೇಡಿ" ಅಂದರೆ?

ಕೀರ್ತನೆ 105:15 ಎತ್ತಿ ಬಾಯಿ ಮುಚ್ಚಿಸ್ತಾರೆ. ಅಲ್ಲಿ ಮಾತು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ನೆಲೆಯಿಲ್ಲದೆ ಅಲೆದಾಡ್ತಿದ್ದವರನ್ನು ರಾಜರು ಹಿಂಸೆ ಮಾಡಬಾರದು ಅಂತ ದೇವರು ಬಲವಂತರಿಗೆ ಹೇಳಿದ ಎಚ್ಚರಿಕೆ. ಬಲಹೀನರನ್ನು ಕಾಯೋ ವಚನವನ್ನು ಬಲಹೀನರ ಮೇಲೇ ತಿರುಗಿಸೋದು ಎಷ್ಟು ಸರಿ?

ದಾವೀದ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ. ಆದರೆ ಸೌಲ ಈಟಿ ಎಸೆದಾಗ ಅಭಿಷಿಕ್ತ ಅಂತ ಎದುರಿಗೆ ನಿಂತುಕೊಂಡನಾ? ತಪ್ಪಿಸಿಕೊಂಡು ಓಡಿದ (1 ಸಮುವೇಲ 19:10). ಆಮೇಲೆ ದೂರದಲ್ಲಿ ನಿಂತು, ಎಲ್ಲರಿಗೂ ಕೇಳಿಸೋ ಹಾಗೆ, ನೀನು ನನಗೆ ಅನ್ಯಾಯ ಮಾಡ್ತಿದ್ದೀ ಅಂತ ಹೇಳಿದ (24ನೇ ಅಧ್ಯಾಯ). ಸೇಡು ತೀರಿಸಬೇಡಿ. ಆದರೆ ಈಟಿಯ ಎದುರಿಗೆ ನಿಲ್ಲಲೂಬೇಡಿ. ನಿಮ್ಮ ದೇಹಕ್ಕೆ, ಮನಸ್ಸಿಗೆ ಅಪಾಯ ಇರೋ ಸಭೆಯನ್ನು ಬಿಟ್ಟು ಹೋಗೋದು ದೇವರನ್ನು ಬಿಟ್ಟು ಹೋಗೋದಲ್ಲ.

1 ತಿಮೊಥೆಯ 5:19ನ್ನು ಕೂಡ ಅರ್ಧಕ್ಕೆ ಓದ್ತಾರೆ. ಎರಡು ಮೂರು ಸಾಕ್ಷಿ ಬೇಕು ಅಂತ ಹೇಳಿ ನಿಲ್ಲಿಸ್ತಾರೆ. 20ನೇ ವಚನ ಓದಿ: ಪಾಪದಲ್ಲಿ ಮುಂದುವರಿಯುವ ಹಿರಿಯರನ್ನು ಎಲ್ಲರ ಮುಂದೆ ಗದರಿಸಬೇಕು. ಹಾಗೆಯೇ 1 ಕೊರಿಂಥ ಪತ್ರವನ್ನು ಪೂರ್ತಿ ಓದಿ. 5ನೇ ಅಧ್ಯಾಯದಲ್ಲಿ ಕೆಟ್ಟ ನಡತೆಯವನನ್ನು ಸಭೆಯಿಂದ ಹೊರಗೆ ಹಾಕಿ ಅಂತಾನೆ, 14ನೇ ಅಧ್ಯಾಯದಲ್ಲಿ ಪ್ರವಾದನೆಯ ವರವನ್ನು ಬಯಸಿ ಅಂತಾನೆ. ಒಂದೇ ಪತ್ರ, ಒಂದೇ ಸಭೆ. ಪೌಲನಿಗೆ ಈ ಎರಡರಲ್ಲಿ ಒಂದನ್ನು ಆರಿಸಬೇಕು ಅಂತ ಅನಿಸಲೇ ಇಲ್ಲ.

ಈಗ ನೇರವಾಗಿ ಒಂದು ಮಾತು. ಅಪರಾಧ ನಡೆದಿದ್ದರೆ ಅದನ್ನು ಉಪವಾಸ ಪ್ರಾರ್ಥನೆಯಲ್ಲಿ ಮುಗಿಸೋ ವಿಷಯ ಅಂತ ತಿಳ್ಕೋಬೇಡಿ. ರೋಮಾಪುರ 13 ಹೇಳೋ ಹಾಗೆ ಅಧಿಕಾರಿಗಳನ್ನು ದೇವರೇ ನೇಮಿಸಿದ್ದಾನೆ. 18 ವರ್ಷದೊಳಗಿನ ಮಗುವಿಗೆ ಲೈಂಗಿಕ ಹಿಂಸೆ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೇ ಇರೋದೂ ಅಪರಾಧ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಹೀಗೆ ಫೋನ್ ಮಾಡಿದವರಿಗೆ "ಸಭೆಯ ಹೆಸರು ಕೆಡಿಸಿದೆ" ಅಂತ ಯಾರೂ ಹೇಳಬಾರದು. ಹೆಸರು ಕೆಟ್ಟಿದ್ದು ಪಾಪ ಮಾಡಿದಾಗ, ಫೋನ್ ಮಾಡಿದಾಗ ಅಲ್ಲ.

ನೋವು ತಿಂದವರು ನಮ್ಮ ಮಧ್ಯ ಇದ್ದರೆ ಕೇಳಿ. ನಿಮ್ಮ ಮೇಲೆ ಕೈಯಿಟ್ಟು ಪ್ರಾರ್ಥನೆ ಅಂದ ಕೂಡಲೇ ಮೈ ನಡುಗುತ್ತೆ ಅಂದರೆ, ಅದು ಅವಿಶ್ವಾಸ ಅಲ್ಲ, ಗಾಯ. ಯಾರೂ ನಿಮ್ಮನ್ನು ಅವಸರ ಮಾಡಲ್ಲ. ದೂರದಲ್ಲಿ ಕೂತೇ ಪ್ರಾರ್ಥಿಸಿ, ಮನೆಯಲ್ಲೇ ಅಳಿ, ಕೌನ್ಸಿಲರ್ ಹತ್ತಿರ ಹೋಗಿ. ಹನ್ನಳು ತುಟಿ ಮಾತ್ರ ಅಲ್ಲಾಡಿಸಿದಳು, ಧ್ವನಿಯೇ ಬರಲಿಲ್ಲ. ದೇವರಿಗೆ ಕೇಳಿಸಿತು.

6. ಲೆಕ್ಕ ಕೊಡುವ ಪ್ರವಾದಿ

ಸಮುವೇಲನ ಕಥೆಯ ಕೊನೆಯ ಭಾಗ ನೋಡಿ. 1 ಸಮುವೇಲ 12:3ರಲ್ಲಿ, ತಲೆ ನರೆತ ಮೇಲೆ, ಅವನು ಎಲ್ಲಾ ಜನರ ಮುಂದೆ ನಿಂತು ಕೇಳ್ತಾನೆ: ಯಾರ ಎತ್ತನ್ನು ತಗೊಂಡಿದ್ದೀನಿ, ಯಾರ ಕತ್ತೆಯನ್ನು ತಗೊಂಡಿದ್ದೀನಿ, ಯಾರನ್ನು ಹಿಂಸಿಸಿದ್ದೀನಿ, ಯಾರಿಂದ ಲಂಚ ತಿಂದಿದ್ದೀನಿ, ಹೇಳಿ. ಅವನ ಒಂದು ಮಾತನ್ನೂ ದೇವರು ನೆಲಕ್ಕೆ ಬೀಳಗೊಡಲಿಲ್ಲ. ಅಂಥವನೇ ಲೆಕ್ಕ ಕೊಟ್ಟ. ನೀವು ಮುಂದೆ ಸೇವೆಗೆ ಬರೋರು. ಸಣ್ಣ ಸೆಲ್ ಗ್ರೂಪ್ ನಡೆಸಿದರೂ ಇಬ್ಬರು ಹಿರಿಯರಿಗೆ ನಿಮ್ಮ ಹಣದ ಬಗ್ಗೆ, ಫೋನ್ ಬಗ್ಗೆ, ಸಂಬಂಧಗಳ ಬಗ್ಗೆ ಕೇಳುವ ಹಕ್ಕು ಕೊಡಿ. ಪಾಸ್ಟರುಗಳಾದ ನಮ್ಮನ್ನೂ ಕೇಳಿ. ಕೇಳಿದರೆ ನಾವು ಬೇಜಾರು ಮಾಡ್ಕೋಬಾರದು.

ವರಗಳನ್ನು ಬಿಡಬೇಡಿ. ರೋಗಿಗಾಗಿ ಪ್ರಾರ್ಥಿಸಿ, ಅನ್ಯಭಾಷೆಯಲ್ಲಿ ಮಾತಾಡಿ, ಪ್ರವಾದನೆಯನ್ನು ಬಯಸಿ. ತೂಗಿ, ಲೆಕ್ಕ ಕೊಡಿ, ಬಲವಿಲ್ಲದವರ ಪಕ್ಕ ನಿಲ್ಲಿ. ಹೊಲ ಕರ್ತನದು. ಅದನ್ನು ಬೀಳು ಬಿಡೋದು ಬೇಡ.

ಗುಂಪಿನಲ್ಲಿ ಮಾತಾಡೋಕೆ

1. ಏಲಿ ಮಕ್ಕಳನ್ನು ಬಯ್ದರೂ ದೇವರು ಅವನನ್ನು ಯಾಕೆ ಅಪರಾಧಿ ಅಂದ?
2. ನಮ್ಮ ಸಭೆಯಲ್ಲಿ ಪ್ರವಾದನೆಯನ್ನು ತೂಗೋದು ಯಾರು? ಹೇಗೆ?
3. ಒಬ್ಬ ತಂಗಿ ನಿಮ್ಮ ಹತ್ತಿರ ಬಂದು ತನಗೆ ಆದ ಹಿಂಸೆಯನ್ನು ಹೇಳಿದರೆ, ಮೊದಲ ಒಂದು ಗಂಟೆಯಲ್ಲಿ ನೀವೇನು ಮಾಡ್ತೀರಿ?

ಪ್ರಾರ್ಥನೆ: ತಂದೆಯೇ, ನೀನು ಕೊಟ್ಟ ವರಗಳಿಗಾಗಿ ಸ್ತೋತ್ರ. ನಿನ್ನ ಹೆಸರಿನಲ್ಲಿ ಗಾಯಗೊಂಡವರನ್ನು ನೀನೇ ಮುಟ್ಟಿ ಗುಣಪಡಿಸು. ಮುಚ್ಚಿಟ್ಟದ್ದನ್ನು ಬೆಳಕಿಗೆ ತಾ. ಹೇಳುವ ಧೈರ್ಯವನ್ನು ಸಮುವೇಲನಿಗೆ ಕೊಟ್ಟ ಹಾಗೆ ನಮ್ಮ ಯೌವನಸ್ಥರಿಗೂ ಕೊಡು. ನಿನ್ನ ಆತ್ಮನನ್ನು ನಾವು ನಂದಿಸದಂತೆ, ನಿನ್ನ ಸಭೆಯನ್ನು ಯಾರೂ ನುಂಗದಂತೆ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.